ಗಟ್ಟಿಯಾಗಿ ಕೇಳಲಾರದ ಸಾಮಾನು

ಅಂಗಡಿಯ ಮುಂದೆ ನಿಂತ ಗಂಡಸಿನ ದನಿಯನ್ನು ನೀವೆಂದಾದರೂ ಗಮನಿಸಿದ್ದೀರಾ? ಬೀಡಿಯನ್ನು ಆತ ದೊರೆಯ ಗತ್ತಿನಲ್ಲಿ ಕೇಳುತ್ತಾನೆ, ಭೇದಿ ಮಾತ್ರೆಯನ್ನು ತುಸು ವಿನಯದಿಂದ. ಆದರೆ ಎಪ್ಪತ್ತರ ದಶಕದಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಗುರುತು ಹೊತ್ತು ಬಂದ ನಿರೋಧ್ ಎಂಬ ಪುಟ್ಟ ಪೊಟ್ಟಣವನ್ನು ಕೇಳಬೇಕಾದಾಗ ಮಾತ್ರ ಅವನ ವಾಕ್‌ಶಕ್ತಿಯೇ ನಿರೋಧಗೊಳ್ಳುತ್ತಿತ್ತು.

ಆಗ ನಾನು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಟಿಕೆಟ್ ಗುಮಾಸ್ತ. ದೇಶದ ಜನಸಂಖ್ಯೆಯ ಕುರಿತು ಪ್ಲಾಟ್‌ಫಾರಂ ಬೆಂಚಿನ ಮೇಲೆ ನಾನು ಮಾಡುತ್ತಿದ್ದ ಉಪನ್ಯಾಸಗಳಿಗೆ ತಡವಾಗಿ ಬರುವ ರೈಲುಗಳೇ ಪ್ರೇರಣೆ. ದೇಶವನ್ನು ತಿದ್ದುವುದು ಸುಲಭ, ನೋಡಿ. ತೊಡಕೆಲ್ಲ ಸ್ವಂತ ಮಂಚದ್ದು. ನನ್ನ ಹೆಂಡತಿ ಗಿರಿಜೆ ಎರಡನೆಯ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಬದುಕಿದ್ದೇ ಹೆಚ್ಚಾಗಿತ್ತು. ಇನ್ನೊಮ್ಮೆ ಬಸುರಾದರೆ ಜೀವಕ್ಕೇ ಅಪಾಯವೆಂದು ದುರ್ಗದ ಡಾಕ್ಟರಮ್ಮ ನನ್ನ ಮುಖ ನೋಡಿಯೇ ಹೇಳಿದ್ದರು. ಬಾಣಂತನಕ್ಕೆ ಹೊರಕೆರೆದೇವಪುರದ ತವರಿಗೆ ಹೊರಟವಳು, "ಕರ್ಕಂಡು ಹೋಗಾಕೆ ಬರುವಾಗ ಸೀರೆ ತರದಿದ್ರೂ ನಡಿತೈತೆ, ಅದನ್ನ ಮಾತ್ರ ಮರೀದೆ ತರ್ರಿ" ಎಂದಿದ್ದಳು.

ನಮ್ಮೂರ ಅಂಗಡಿಯ ಸಿದ್ದಣ್ಣ ಮಾವನ ಕಡೆಯ ನೆಂಟ. ಅವನೆದುರು ಬಾಯಿ ಬಿಡುವುದುಂಟೇ? ಹೊಳಲ್ಕೆರೆಗೆ ಹೋದೆ. ಪಕ್ಕದಲ್ಲಿ ಯಾರೋ ಅಜ್ಜಿ ಬೆಲ್ಲ ಕೊಳ್ಳುತ್ತಿದ್ದರು. ನನ್ನ ಬಾಯಿಂದ ಹೊರಬಿದ್ದದ್ದು "ಒಂದು ಸೋಪು ಕೊಡ್ರಿ" ಎಂಬ ಮಾತು. ಮುಂದಿನ ವಾರ ದುರ್ಗದ ಔಷಧಿ ಅಂಗಡಿಗೆ ಹೋಗಿ, ಅಷ್ಟೇ ಧೀರೋದಾತ್ತನಾಗಿ ತಲೆನೋವಿನ ಮಾತ್ರೆ ತಂದೆ. ಅಂತೂ ಸೀರೆ, ಹೂವು, ಸೋಪುಗಳೊಂದಿಗೆ ಅತ್ತೆಯ ಮನೆ ಸೇರಿದಾಗ ಗಿರಿಜೆ ಹಿತ್ತಿಲಿಗೆ ಕರೆದು ಕೇಳಿದಳು, "ತಂದ್ರಾ?"

ನಾನು ಸೋಪಿನ ಪರಿಮಳವನ್ನು ವರ್ಣಿಸತೊಡಗಿದೆ.

"ನಾಚಿಕೆ ನಿಮ್ದು, ಜೀವ ನಂದು," ಎಂದಳು. "ಮಂಚ ಹತ್ತಾಕೆ ಇಲ್ದಿರೋ ನಾಚಿಕೆ ಅಂಗಡಿ ಕಟ್ಟೆ ಹತ್ತಾಕೆ ಯಾಕ್ರಿ? ಎರಡು ಕೂಸು ಬಿಟ್ಟು ನಾನು ಸಾಯಾಕಿಲ್ಲ. ಅದು ಬಂದ್ರೆ ನಾನು ಬರ್ತೀನಿ."

ನಗಬೇಡಿ. ಅವಳಿಗೆ ನನ್ನ ಪಕ್ಕ ಮಲಗುವುದಕ್ಕೇ ಭಯವಾಗುತ್ತಿದೆ ಎಂಬುದು ಬಸ್ಸಿನಲ್ಲಿ ಒಬ್ಬನೇ ಹಿಂತಿರುಗುವಾಗ ಹೊಳೆದು, ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇಳಿದವನೇ ನೇರ ಸಿದ್ದಣ್ಣನ ಅಂಗಡಿಗೆ ನಡೆದು, ನಾಲ್ಕಾರು ಗಿರಾಕಿಗಳ ನಡುವೆ, ರೈಲು ಬರುವುದನ್ನು ಸಾರುವ ದನಿಯಲ್ಲಿ ಕೇಳಿಯೇಬಿಟ್ಟೆ. ಸಿದ್ದಣ್ಣ ಒಳಗಿಂದ ಒಂದು ಡಬ್ಬವನ್ನೇ ತಂದಿಟ್ಟ.

"ಮೊದ್ಲೇ ಕೇಳಬಾರದೇನ್ರಿ? ಹೊಳಲ್ಕೆರೆಯೋರು ನಾಚ್ಕಂಡು ಇಲ್ಲಿಗೆ ಬರ್ತಾರೆ, ನಮ್ಮೂರೋರು ನಾಚ್ಕಂಡು ಅಲ್ಲಿಗೆ ಹೋಗ್ತಾರೆ. ಲಾಭ ಎಲ್ಲಾ ಬಸ್ಸಿನೋನಿಗೆ!"

ಮತ್ತೆ ಹೊರಕೆರೆದೇವಪುರಕ್ಕೆ ಹೋದೆ. ಅಳಿಯ ತಂದದ್ದನ್ನೆಲ್ಲ ಮೊರದಲ್ಲಿ ಹರಡಿ, ಮನೆಯ ಹಿರಿಯಳು ಕುಂಕುಮ ಮುಟ್ಟಿಸಿದ ಮೇಲೆಯೇ ಮಗಳಿಗೆ ಕೊಡುವುದು ಆ ಮನೆಯ ಪದ್ಧತಿ. ಗೆಲುವಿನ ಹುಮ್ಮಸ್ಸಿನಲ್ಲಿ ಅದನ್ನು ಮರೆತು ಚೀಲವನ್ನು ಅತ್ತೆಯ ಕೈಗೇ ಕೊಟ್ಟುಬಿಟ್ಟೆ! ಹೂವು, ಬಾಳೆಹಣ್ಣುಗಳ ನಡುವೆ ಪೊಟ್ಟಣ ಬಿತ್ತು. ನಾನು ಮೇಲಿನ ತೊಲೆಗಳನ್ನು ನೋಡುತ್ತ ನಿಂತೆ. ಇದೇನೆಂದು ಅತ್ತೆ ಕೇಳಿದರು. ಗಿರಿಜೆ ಅವರ ಕಿವಿಯಲ್ಲಿ ಹೇಳಿದಳು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ನನ್ನ ತಮ್ಮನ್ನ ಹಡೆಯುವಾಗ ನಮ್ಮವ್ವ ಸತ್ಲು. ನಮ್ಮಪ್ಪ ಇಂಥದ್ದು ತಂದಿದ್ರೆ ನನಗೂ ಅವ್ವ ಇರ್ತಿದ್ಲು," ಎಂದವರೇ ಪೊಟ್ಟಣಕ್ಕೂ ಕುಂಕುಮ ಮುಟ್ಟಿಸಿ, ಮಗಳ ಮಡಿಲಿಗೆ ಹಾಕಿದರು.