ರಾಗ ಸಂಯೋಜನೆ ನನ್ನದು

ಥೈರಾಯ್ಡ್ ಆಪರೇಷನ್ ಆದ ಮೇಲೆ ನನ್ನ ಕಂಠದ ಎತ್ತರದ ಸ್ವರಗಳು ಹೋದವು. "ಮಾತಾಡೋದಕ್ಕೆ ತೊಂದರೆ ಇಲ್ಲ, ಹಾಡೋದು ಮಾತ್ರ ಕಷ್ಟ" ಎಂದರು ಡಾಕ್ಟರು. ಬಣಕಲ್ಲಿನ ನಮ್ಮ ಭಾವಗೀತೆ ತಂಡದಲ್ಲಿ ಅಲ್ಲಿಯವರೆಗೂ ಮುಖ್ಯ ಗಾಯಕಿ ನಾನೇ. ನನ್ನ ಜಾಗಕ್ಕೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬಂದಳು. ಒಳ್ಳೆಯ ಕಂಠ. ನನ್ನ ಮುಂದೆ ಹಾರ್ಮೋನಿಯಂ ಇಟ್ಟರು.

ಎರಡು ಶನಿವಾರ ತಾಲೀಮಿಗೆ ಹೋಗಿ ಸುಮ್ಮನೆ ಶ್ರುತಿ ಹಿಡಿದು ಕೂತೆ. ಮೂರನೆಯ ಸಲ ಹೋಗುವ ಮನಸ್ಸಾಗಲಿಲ್ಲ. ಸಂಗೀತ ಬಿಡುವ ಮನಸ್ಸೂ ಇರಲಿಲ್ಲ. ಹಾಡಲಾಗದಿದ್ದರೆ ಹಾಡು ಕಟ್ಟುತ್ತೇನೆ ಎಂದುಕೊಂಡೆ. ಅಷ್ಟು ವರ್ಷ ಹಾಡಿದ್ದೆನಲ್ಲ, ಒಂದು ಸಾಲು ಏಕೆ ಏರುತ್ತದೆ, ಇನ್ನೊಂದು ಏಕೆ ಇಳಿಯುತ್ತದೆ, ಅದನ್ನು ಯಾರು ನಿರ್ಧರಿಸಿದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ನಮ್ಮ ತಂಡದ ನಿವೃತ್ತ ಕನ್ನಡ ಮೇಷ್ಟ್ರು ತಾವು ಬರೆದ ಒಂದು ಪದ್ಯ ಕೊಟ್ಟರು. ಜಗುಲಿಯ ತೂಗುದೀಪದ ಶೇಡಿನೊಳಗೆ ಪಿಕಳಾರ ಹಕ್ಕಿ ಗೂಡು ಕಟ್ಟುತ್ತದೆ. ಮರಿ ಹಾರುವ ತನಕ ಮನೆಯವರು ಆ ದೀಪ ಹಚ್ಚುವುದಿಲ್ಲ. ಇಷ್ಟೇ ಪದ್ಯ.

ವಾರವಿಡೀ ಕೂತು ರಾಗ ಹಾಕಿದೆ. ನುಡಿಸಿ ತೋರಿಸಿದಾಗ, ತೋಟದಿಂದ ಬಂದು ಕಾಲು ತೊಳೆಯುತ್ತಿದ್ದ ನನ್ನ ಗಂಡ ನಕ್ಕರು.

"ಇದು ನೀನು ಮೊದ್ಲು ಹಾಡ್ತಿದ್ದ ಹಾಡೇ ಅಲ್ವಾ ಮಾರಾಯ್ತಿ? ಮಾತು ಮಾತ್ರ ಬೇರೆ."

ಸಿಟ್ಟು ಬಂತು. ಆದರೆ ಅವರು ಹೇಳಿದ್ದು ನಿಜ. ಅಷ್ಟನ್ನೂ ಬಿಟ್ಟೆ. ಹಾರ್ಮೋನಿಯಂ ಮುಚ್ಚಿ, ಪದ್ಯವನ್ನೇ ಮತ್ತೆ ಮತ್ತೆ ಓದಿಕೊಂಡೆ. ಅಡಿಗೆ ಮಾಡುವಾಗ, ಮೆಣಸು ಒಣಹಾಕುವಾಗ ಅದೇ ಗುಂಗು. ಕೊನೆಗೊಂದು ದಿನ ಮೊದಲ ಸಾಲು ತಾನಾಗಿ ಎದ್ದು ಬಂತು. ಉಳಿದದ್ದನ್ನು ಹಟ ಹಿಡಿದು ಕಟ್ಟಿದೆ. ಕೊನೆಯ ಸಾಲನ್ನು ಕೆಳಗಿನ ಸ್ವರಕ್ಕೆ ಇಳಿಸಿ, ಅಲ್ಲೇ ಬಿಟ್ಟೆ.

ಹಾಡು ಹಿಡಿದುಕೊಂಡು ಮತ್ತೆ ತಾಲೀಮಿಗೆ ಹೋದೆ. ಹಾರ್ಮೋನಿಯಂನಲ್ಲಿ ನುಡಿಸಿ ಕಲಿಸಿದ ಮೇಲೆ ಬ್ಯಾಂಕಿನ ಹುಡುಗಿ ಚೆನ್ನಾಗಿಯೇ ಹಾಡಿದಳು. ಆದರೆ ಕೊನೆಯ ಸಾಲನ್ನು ಮೇಲಕ್ಕೆ ಒಯ್ದು ನಿಲ್ಲಿಸಿದಳು. ಎಲ್ಲರೂ "ವಾಹ್" ಎಂದರು.

"ಅಲ್ಲಿ ಏರಬಾರದು," ಎಂದೆ.

"ಕೆಳಗೆ ಮುಗಿಸಿದ್ರೆ ಯಾರು ಚಪ್ಪಾಳೆ ಹೊಡೀತಾರೆ ಅಕ್ಕಾ?"

"ಹಕ್ಕಿ ಮಲಗಿದೆ. ದೀಪ ಸಹ ಹಚ್ಚದ ಮನೆ ಅದು. ಅಲ್ಲಿ ಕೂಗಿದ್ರೆ ಪದ್ಯ ಏನಾಗುತ್ತೆ?"

"ಹಂಗಿದ್ರೆ ನೀವೇ ಹಾಡಿ ತೋರ್ಸಿ."

ಅಂದ ಮೇಲೆ ಅವಳೇ ಬೆಚ್ಚಿದಳು. ನಾನು ಹಾಡಿದೆ. ಆಪರೇಷನ್ ಆದ ಮೇಲೆ ಅದೇ ಮೊದಲು. ದನಿ ಒಡೆದಿತ್ತು, ನಡುವೆ ಬರೀ ಗಾಳಿ ಬಂತು. ಆದರೆ ಕೆಳಗಿನ ಸ್ವರಗಳು ಇನ್ನೂ ನನ್ನಲ್ಲಿದ್ದವು. ಸಾಲು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿ ಸೇರಿತು.

ಹುಡುಗಿ "ಇನ್ನೊಂದ್ ಸಲ ನುಡಿಸಿ," ಎಂದಳು. ಈ ಸಲ ಇಳಿದಳು. ಅವಳ ಕಂಠದಲ್ಲಿ ಅದು ನಾನು ಅಂದುಕೊಂಡದ್ದಕ್ಕಿಂತ ಮೆತ್ತಗೆ ಕೇಳಿಸಿತು. ಒಂದು ಕಡೆ ಅವಳು ಉಸಿರಿಗೆಂದು ನಿಂತದ್ದು ಎಷ್ಟು ಸರಿಯಾಗಿತ್ತೆಂದರೆ, ಅದನ್ನೂ ರಾಗದಲ್ಲೇ ಸೇರಿಸಿಕೊಂಡೆ.

ಮೂಡಿಗೆರೆಯ ಕಾರ್ಯಕ್ರಮದಲ್ಲಿ ಹಾಡು ಮುಗಿದಾಗ ಮೊದಲು ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮುಗಿಯಿತೆಂದು ತಿಳಿಯಲು ಅವರಿಗೆ ತುಸು ಹೊತ್ತು ಹಿಡಿಯಿತು. ಆಮೇಲೆ ಹೊಡೆದರು. ನಿರೂಪಕರು ಕವಿಯ ಹೆಸರು ಹೇಳಿದರು, ಗಾಯಕಿಯ ಹೆಸರು ಹೇಳಿದರು, ಮುಂದಿನ ತಂಡವನ್ನು ಕರೆಯಲು ಹೊರಟರು. ನಾನು ಹಾರ್ಮೋನಿಯಂ ಬಿಟ್ಟು ಎದ್ದು ಅವರ ಹತ್ತಿರ ಹೋದೆ.

"ರಾಗ ಸಂಯೋಜನೆ ಯಾರದ್ದು ಅಂತ ಹೇಳಿಲ್ಲ ನೀವು."

"ಅಯ್ಯೋ, ಅದನ್ನೂ ಹೇಳ್ಬೇಕಿತ್ತಾ ಮೇಡಂ?"

"ಹೇಳ್ಬೇಕು. ನಂದು."

ಮೈಕು ಆನ್ ಇತ್ತು. ನನ್ನ ಒಡೆದ ದನಿ ಸಭೆಗೆಲ್ಲ ಕೇಳಿಸಿತು. ನಾಚಿಕೆಯಾಗಲಿಲ್ಲ. ಅವರು ನನ್ನ ಹೆಸರು ಹೇಳುವವರೆಗೂ ಅಲ್ಲೇ ನಿಂತಿದ್ದೆ.

ಈಗ ಮೇಷ್ಟ್ರು ಇನ್ನೊಂದು ಪದ್ಯ ಕೊಟ್ಟಿದ್ದಾರೆ. ಎರಡನೆಯ ಚರಣ ನನ್ನ ಮಾತು ಕೇಳುತ್ತಿಲ್ಲ. ನಿನ್ನೆ ಕಟ್ಟಿದ್ದನ್ನು ಇಂದು ಬೆಳಿಗ್ಗೆ ಬಿಟ್ಟೆ. ಮಧ್ಯಾಹ್ನ ಮತ್ತೆ ಕೂರುತ್ತೇನೆ.