ಮುಷ್ಟಿಯೊಳಗಿನ ಕೀಲಿಗೊಂಚಲು

ಬೆಳಗಿನ ಐದು ಗಂಟೆ ಹತ್ತು ನಿಮಿಷಕ್ಕೆ ಅವ್ವ ನಲ್ಲಿಯ ಮುಂದೆ ಬಿದ್ದಳು. ಕುರ್ಲಾದ ನಮ್ಮ ಚಾಳಿಗೆ ನೀರು ಬರುತ್ತಿದ್ದುದು ಐದಕ್ಕೆ. ಬೆಳಗಿನ ಪಾಳಿಯ ಶಾಲೆಗೆ ಪಾಠ ಹೇಳಲು ಹೊರಟಿದ್ದ ನಾನು ಆಗಷ್ಟೇ ಗಡಿಯಾರ ನೋಡಿದ್ದೆ. ಕೊಡ ಉರುಳಿದ ಸದ್ದಿಗೆ ಓಡಿಬಂದರೆ ಅವ್ವನ ಮುಖ ಬಿಳಿಚಿತ್ತು, ಕೈಕಾಲು ಸೆಟೆದು ಅದುರುತ್ತಿದ್ದವು.

"ಫಿಟ್ ಆಲೀ! ಚಾವಿ ದ್ಯಾ ಹಾತಾತ್!" ಫಿಟ್ ಬಂತು, ಕೈಗೆ ಕೀಲಿ ಕೊಡಿ ಎಂದು ಮರಾಠಿಯಲ್ಲಿ ಕೂಗಿದ ಪಕ್ಕದ ಮನೆಯ ಮಾವಶಿ, ತನ್ನ ಸೊಂಟದ ಕಬ್ಬಿಣದ ಕೀಲಿಗೊಂಚಲನ್ನೇ ಕಿತ್ತು ಅವ್ವನ ಮುಷ್ಟಿಗೆ ತುರುಕಿದಳು. ನಮ್ಮ ಕಡೆಯೂ ಮೂರ್ಛೆರೋಗಕ್ಕೆ ಇದನ್ನೇ ಮಾಡುತ್ತಾರೆ. ಅವ್ವ ಕಣ್ಣು ಬಿಟ್ಟಳು, ಮುಖಕ್ಕೆ ಕೆಂಪು ನುಗ್ಗಿತು.

"ನನ್ನ ಪಾಳಿ ಯಾರ ಹಿಡದ್ರು?" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಆಮೇಲೂ ಬಿದ್ದಳು. ಪ್ರತಿ ಸಲ ಕೀಲಿ ಕೊಟ್ಟೆವು, ಪ್ರತಿ ಸಲ ಎದ್ದಳು. ಕೀಲಿಯ ಮೇಲೆ ನಮಗೆ ನಂಬಿಕೆ ಕುದುರಿತು. ವಿಕ್ರೋಳಿಯಲ್ಲಿ ಅಪ್ಪ ದುಡಿಯುತ್ತಿದ್ದ ಕಾರ್ಖಾನೆಯ ದವಾಖಾನೆಯಲ್ಲಿ ಮಾತ್ರ ನಾಡಿ ಹಿಡಿದವರು, ಬಡಿತ ತೀರ ನಿಧಾನವಿದೆ ಎಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ, ಉಡುಪಿ ಕಡೆಯ ಡಾಕ್ಟರಮ್ಮನ ಎದುರಿಗೇ ಅವ್ವ ಕುರ್ಚಿಯಿಂದ ಜಾರಿದಳು. ನಾನು ಕೀಲಿ ಹಿಡಿದು ಮುಂದೆ ಬಂದೆ. ಡಾಕ್ಟರಮ್ಮ ನನ್ನ ಕೈ ಸರಿಸಿ, ನಾಡಿ ಸಿಗದಾಗ, ನಿಂತ ಹೃದಯವನ್ನು ಎಬ್ಬಿಸಲು ಅವ್ವನ ಎದೆಯ ನಡುವೆ ಮುಷ್ಟಿಯಿಂದ ಗುದ್ದಿದರು. ಏನೂ ಆಗಲಿಲ್ಲ. ಮತ್ತೆ ಗುದ್ದಿದರು. ಆ ಎರಡು ಗುದ್ದುಗಳ ನಡುವಿನ ಮೌನ ಈಗಲೂ ನನ್ನನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ ಕೂತಾಗ, ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ಅದು ಒಮ್ಮೆಲೇ ಬಂದು ನಿಲ್ಲುತ್ತದೆ. ಅವ್ವ ಉಸಿರೆಳೆದಳು. ಅಂದೇ ರಕ್ತನಾಳದ ಮೂಲಕ ಹೃದಯಕ್ಕೆ, ಬಡಿತ ನಡೆಸುವ ತಾತ್ಕಾಲಿಕ ತಂತಿ ಇಳಿಸಿದರು.

ಹೃದಯಕ್ಕೆ ತನ್ನದೇ ವಿದ್ಯುತ್ತು ಇದೆಯೆಂದು ನನಗೆ ತಿಳಿದದ್ದು ಆಗ. ಮೇಲಿನ ಬಲ ಕೋಣೆಯಲ್ಲಿ ಒಂದು ಚಿಕ್ಕ ಜಾಗ ತನ್ನಷ್ಟಕ್ಕೆ ಸಂಕೇತ ಹುಟ್ಟಿಸುತ್ತದೆ. ಅದು ಮೇಲಿನ ಕೋಣೆಗಳನ್ನು ಕುಗ್ಗಿಸಿ, ರಕ್ತ ಕೆಳಗಿಳಿಯುವಷ್ಟು ಹೊತ್ತು ನಡುವೆ ತಡೆದು, ಕೆಳಗಿನ ಕೋಣೆಗಳಿಗೆ ಹೋಗುತ್ತದೆ. ಅವ್ವನಲ್ಲಿ ಆ ನಡುವಿನ ದಾರಿ ಕೆಟ್ಟಿತ್ತು. ಮೇಲಿನ ಕರೆ ಕೇಳದ ಕೆಳಗಿನ ಕೋಣೆಗಳು ತಮ್ಮ ಪಾಡಿಗೆ ನಿಧಾನವಾಗಿ ಬಡಿಯುತ್ತಿದ್ದವು, ಒಮ್ಮೊಮ್ಮೆ ಅದನ್ನೂ ಮರೆಯುತ್ತಿದ್ದವು. ಮಿದುಳಿಗೆ ರಕ್ತ ತಪ್ಪಿದಾಗ ಅವಳು ಬೀಳುತ್ತಿದ್ದಳು. ಪೇಸ್‌ಮೇಕರ್ ಇಟ್ಟರೆ ಅದು ಕೆಟ್ಟ ದಾರಿಯನ್ನು ರಿಪೇರಿ ಮಾಡುವುದಿಲ್ಲ. ತಂತಿಯ ಮೂಲಕ ಕೆಳಗಿನ ಕೋಣೆಗೆ ನೇರವಾಗಿ ಕರೆ ಕಳಿಸುತ್ತದೆ.

ಅವ್ವ ಒಪ್ಪಲಿಲ್ಲ. "ಕೀಲಿ ಹಿಡದ್ರ ಎದ್ದು ಕುಂಡ್ರತೀನಲ್ಲ, ಚರ್ಮ ಯಾಕ ಕೊಯ್ಯಬೇಕು?"

"ಕೀಲಿ ಎಬ್ಬಿಸಿದ್ದಲ್ಲ ಅಮ್ಮ. ನಿಮ್ಮ ಹೃದಯವೇ ತಡವರಿಸಿ ಎದ್ದದ್ದು. ಇನ್ನೊಂದು ಸಲ ಏಳದಿದ್ದರೆ?" ಎಂದರು ಡಾಕ್ಟರಮ್ಮ.

ಅಷ್ಟು ದಿನ ಆ ಮುಷ್ಟಿಯಲ್ಲಿ ಇದ್ದದ್ದು ಬರೀ ಕಬ್ಬಿಣ.

ಅವ್ವ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. "ಹಂಗಾರ ಎದಿಯೊಳಗ ಲೈಟ್ ಹೋಗೇತೇನು?"

"ಲೈಟ್ ಉಂಟು. ನಡುವಿನ ವಾಯರ್ ಹೋಗಿದೆ."

"ಹಾಕ್ರಿ ಹಂಗಾರ. ನೀರ ತುಂಬೋ ಹೊತ್ತಿಗೆ ಕೈಕೊಡಬಾರದು ನೋಡ್ರಿ."

ಕೊರಳೆಲುಬಿನ ಕೆಳಗೆ ಬೂಟ್‌ಪಾಲಿಶ್ ಡಬ್ಬಿಯಂಥದನ್ನು ಹೊತ್ತು ಅವ್ವ ಮನೆಗೆ ಬಂದಳು. ಅಪ್ಪ, ನಾನು ರಾತ್ರಿ ಸರದಿಯ ಮೇಲೆ ಅವಳ ನಾಡಿ ಹಿಡಿದು ಕೂರುತ್ತಿದ್ದೆವು. ಬಡಿತ ಒಂದೇ ಸಮ ಇರುತ್ತಿತ್ತು. ಆದರೂ ನಾವು ಪ್ರತಿ ಸಲ ಮುಂದಿನ ಬಡಿತಕ್ಕೆ ಕಾಯುತ್ತಿದ್ದೆವು.

"ನನಗ ನಿದ್ದಿ ಬರವಲ್ದು, ಬೆರಳ ತಗೀರಿ," ಎಂದು ಅವ್ವ ಗದರುತ್ತಿದ್ದಳು.

ಒಂದು ಭಾನುವಾರ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ರಾತ್ರಿ ನಾಡಿ ಹಿಡಿಯಲು ಯಾರೂ ಎದ್ದಿರಲಿಲ್ಲ. ಕೊಡಗಳೆಲ್ಲ ಖಾಲಿ. ನಲ್ಲಿ ಬಂದು ನಿಂತೇ ಹೋಗಿತ್ತು.

"ಏಳ್ರೀ! ಮೂರೂ ಮಂದಿ ಹೆಣದಂಗ ಮಲಗೀವಿ!" ಎಂದು ಅವ್ವ ಕೂದಲು ಕಟ್ಟಿಕೊಳ್ಳುತ್ತ ಎದ್ದಳು. ಅಪ್ಪ ಕಣ್ಣು ಮುಚ್ಚಿಕೊಂಡೇ ರೂಢಿಯಂತೆ ಅವಳ ಮಣಿಕಟ್ಟಿಗೆ ಕೈ ಚಾಚಿದರು. ಅವಳು ಆ ಕೈಗೊಂದು ಖಾಲಿ ಕೊಡ ಕೊಟ್ಟಳು.

"ಮೊದಲ ಮಾವಶಿ ಕಡೆ ಹೋಗಿ ನೀರ ಕೇಳ್ರಿ."