ಗುರುಸಿದ್ದಪ್ಪ ಬರೆದ ಷರಾ

ಕಲಬುರಗಿ ಕಡೆಯಿಂದ ಬಂದು, ಹೈದರಾಬಾದಿನ ಅಂಚಿನ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಕಟ್ಟಡ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದು ಸೂಪರ್‌ವೈಜರಾಗಿ ನಿವೃತ್ತನಾದ ಗುರುಸಿದ್ದಪ್ಪನತ್ತ ಯಾರೂ ಬೊಟ್ಟು ಮಾಡಿದ್ದಿಲ್ಲ. ಪ್ರಾಮಾಣಿಕ ಸೇವೆಯ ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ದಿಲ್‌ಸುಖ್‌ನಗರದ ಮನೆಯಲ್ಲಿ ತೂಗುಹಾಕಿದ್ದ. ಪತ್ರ ಕೊಟ್ಟವರಿಗೆ ಅವನು ಬರೆದ ಒಂದು ಷರಾದ ಕತೆ ಗೊತ್ತಿರಲಿಲ್ಲ, ಅಷ್ಟೇ.

ಮೂವತ್ತು ವರ್ಷದ ಹಿಂದೆ ಕಾರ್ಖಾನೆ ಬೆಳೆಸಲು ಪಕ್ಕದ ಹಳ್ಳಿಯನ್ನು ಎಬ್ಬಿಸಿದರು. ಜನ ಹೋದರು, ಸ್ಮಶಾನ ಉಳಿಯಿತು. ಅಲ್ಲೇನಿದೆ ನೋಡಿ ಬರೆ ಎಂದು ಸಾಹೇಬರು ಗುರುಸಿದ್ದಪ್ಪನನ್ನು ಕಳಿಸಿದರು. ನೋಡಿದರೆ ಹನ್ನೊಂದು ಗದ್ದುಗೆ, ಒಂದೊಂದರ ಮೇಲೂ ಕೆತ್ತಿದ ಲಿಂಗ. ಸತ್ತವರ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕೂಡಿಸಿ ಹೂಳುವ, ಲಿಂಗಾಯತರಾದ ತನ್ನವರದೇ ಪದ್ಧತಿ! ಬೇರೆಯವರಿಗೆ ತಿಳಿಯದೆ ಹೋಗಬಹುದಿತ್ತು, ಇವನಿಗೆ ತಿಳಿಯಿತು. ಗದ್ದುಗೆ ಎಂದು ಬರೆದರೆ ವಾರಸುದಾರರನ್ನು ಕರೆಸಬೇಕು, ಕೆಲಸ ನಿಲ್ಲುತ್ತದೆ, ಕೈಗೆ ಬಂದ ಬಡ್ತಿ ಜಾರುತ್ತದೆ. ‘ಹಳೆಯ ಕಲ್ಲುಗುಪ್ಪೆ, ತೆಗೆಯಬಹುದು’ ಎಂದು ಷರಾ ಬರೆದು ರುಜು ಹಾಕಿದ. ಈಗ ಅಲ್ಲಿ ಅಧಿಕಾರಿಗಳು ಶಟಲ್ ಆಡುತ್ತಾರೆ.

ಹೋದ ವರ್ಷ ಹೆಂಡತಿ ಶಿವದೇವಿ ತೀರಿಕೊಂಡಾಗ ಸಮಾಜದ ರುದ್ರಭೂಮಿ ತುಂಬಿಹೋಗಿತ್ತು. ಮಠದ ಅಯ್ಯನವರು ಎಲ್ಲೋ ಮಾತಾಡಿ ಜಾಗ ಕೊಡಿಸಿದರು. ಅದು ಎಬ್ಬಿಸಿದ ಹಳ್ಳಿಯವರ ಹೊಸ ಊರಿನ ಸ್ಮಶಾನವೆಂದು ಗುರುಸಿದ್ದಪ್ಪನಿಗೆ ಗೊತ್ತಾದದ್ದು ಶವ ಇಳಿಸಿದ ಮೇಲೆ. ಗುಂಡಿ ತೋಡಿದವರೂ ಅವರೇ. ನಿಜ ಹೇಳಿದರೆ ಶಿವದೇವಿಯನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ತುಟಿ ಬಿಚ್ಚಲಿಲ್ಲ.

ಆಮೇಲೆ ಪ್ರತಿ ಸೋಮವಾರ ಹೋಗುತ್ತಿದ್ದ. ಅವನು ಹೋಗುವಷ್ಟರಲ್ಲಿ ಗಂಗಾಬಾಯಿ ಎಂಬ ಮುದುಕಿ ಶಿವದೇವಿಯ ಗದ್ದುಗೆ ಗುಡಿಸಿ ವಿಭೂತಿ ಹಚ್ಚಿಟ್ಟಿರುತ್ತಿದ್ದಳು. ಬೀದರಿನ ಕಡೆಯಿಂದ, ಎಬ್ಬಿಸಿದ ಆ ಹಳೆಯ ಹಳ್ಳಿಗೆ ಸೊಸೆಯಾಗಿ ಬಂದವಳು. ಕನ್ನಡ ಆಡುವವರು ಸಿಕ್ಕರೆಂದು ಅವಳಿಗೆ ಹಿಗ್ಗೋ ಹಿಗ್ಗು.

“ನೀವು ಆ ಫ್ಯಾಕ್ಟರ್ಯಾಗ ಇದ್ರಂತಲ್ರಿ ಅಣ್ಣಾರ,” ಎಂದಳು ಒಂದು ದಿನ. “ನಮ್ಮ ಮನಿಯವ್ರ ಗದ್ದಗಿ ಒಳಗ ಐತಿ. ಒಂದ್ಸಲ ಗೇಟ್ ಪಾಸ್ ಕೊಡಸ್ರಿ, ನಮಸ್ಕಾರ ಮಾಡಿ ಬರ್ತೀನಿ.”

“ವಿಚಾರಸ್ತೀನವ್ವ,” ಎಂದ. ಮುಂದಿನ ವಾರವೂ ಅದನ್ನೇ ಅಂದ. ಮೂರನೆಯ ವಾರ ಅವಳು ಪಾಸಿಗೆಂದು ಹೊಸ ಸೀರೆ ಉಟ್ಟು ಫೋಟೊ ತೆಗೆಸಿಕೊಂಡೇ ಬಂದಿದ್ದಳು. ಅದನ್ನು ಕೈಯಲ್ಲಿ ಹಿಡಿದಾಗ ಗುರುಸಿದ್ದಪ್ಪನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಅಲ್ಲಿ ಗದ್ದಗಿ ಇಲ್ಲವ್ವ, ತಗದುಬಿಟ್ರು. ತಗೀಬೌದು ಅಂತ ಬರದುಕೊಟ್ಟಾಂವ ನಾನ. ಲಿಂಗ ನೋಡೇ ಬರದೆ.”

ಬೈಯುತ್ತಾಳೆ, ಹೆಂಡತಿಯನ್ನು ತೆಗೆದುಕೊಂಡು ಹೋಗು ಎನ್ನುತ್ತಾಳೆ ಎಂದು ಕಾದ. ಅವಳು ಕೇಳಿದ್ದೇ ಬೇರೆ.

“ತಗಿಯೋಮುಂದ ಅವ್ರ ಕೈಯಾಗ ಲಿಂಗ ಇನ್ನೂ ಇತ್ತೇನ್ರಿ?”

“ಗೊತ್ತಿಲ್ಲವ್ವ. ಅವತ್ತು ನಾ ರಜಾ ಹಾಕಿದ್ನಿ.”

“ಅಲ್ಲಿ ನಮ್ಮವ್ರು ಅಂತ ನೀವೊಬ್ರ ಇದ್ರಲ್ರಿ, ಅಣ್ಣಾರ,” ಎಂದಳು ಗಂಗಾಬಾಯಿ, ಮತ್ತು ಫೋಟೊ ವಾಪಸು ಕೊಡಿರೆಂದು ಕೈ ಚಾಚಿದಳು.